ಪಿಯು ಹುಡುಗನ ಟ್ರಂಕಿನಲ್ಲಿ ‘ನೈಂಟಿ’ ಪ್ಯಾಕೆಟ್: ಮೊದಲು ಯಾವುದನ್ನು ಹಿಡಿಯಬೇಕು?

ಹಾಸ್ಟೆಲ್_ವಾರ್ಡನ್

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ ಪಿಯು ಹುಡುಗರ ಹಾಸ್ಟೆಲ್. ದ್ವಿತೀಯ ಪಿಯು ವಿಜ್ಞಾನದ ಹುಡುಗ, 17 ವರ್ಷ. ರೂಮ್ ತಪಾಸಣೆಯಲ್ಲಿ ಟ್ರಂಕಿನೊಳಗೆ 90 ಎಂಎಲ್ ಮದ್ಯದ ಟೆಟ್ರಾ ಪ್ಯಾಕ್ ಸಿಕ್ಕಿವೆ: ಎರಡು ಖಾಲಿ, ಒಂದು ತುಂಬಿದ್ದು. ಪ್ರಥಮ ವರ್ಷ ಚೆನ್ನಾಗಿ ಓದುತ್ತಿದ್ದವನು ಮಧ್ಯವಾರ್ಷಿಕದಲ್ಲಿ ಎರಡು ವಿಷಯದಲ್ಲಿ ಫೇಲು. ರಾತ್ರಿ ಊಟಕ್ಕೆ ಮೆಸ್‌ಗೆ ಬರುವುದಿಲ್ಲ, ಹಗಲು ಮಲಗಿರುತ್ತಾನೆ, ಮಾತಾಡಿಸಿದರೆ ಸಿಡುಕುತ್ತಾನೆ. ರೂಮಿನವರು ಅವನನ್ನು ಹೆಸರಿನಿಂದ ಕರೆಯುವುದೇ ಇಲ್ಲ, ಒಂದು ಕೆಟ್ಟ ಅಡ್ಡಹೆಸರಿದೆ. ಇನ್ನೊಂದು ಗಮನಿಸಿದ್ದು: ನಾಲ್ಕು ಬೇರೆ ಹುಡುಗರ ಕೆಮಿಸ್ಟ್ರಿ ರೆಕಾರ್ಡ್ ಬುಕ್ಕಿನಲ್ಲಿರುವುದು ಇವನದೇ ಕೈಬರಹ.

ಪ್ರಾಂಶುಪಾಲರು ಟಿಸಿ ಕೊಟ್ಟು ಕಳಿಸಿ ಎನ್ನುತ್ತಿದ್ದಾರೆ. ಸೋಮವಾರ ತಂದೆ ಬರುತ್ತಾರೆ. ಇದು ಖಿನ್ನತೆಯೋ ಅಥವಾ ವಯಸ್ಸಿನ ಹುಡುಗಾಟವೋ ತಿಳಿಯುವುದು ಹೇಗೆ? ಕುಡಿತ ಬಿಡಿಸುವುದು ಮೊದಲೋ, ಕೌನ್ಸೆಲಿಂಗ್ ಮೊದಲೋ? ತಂದೆಗೆ ಎಷ್ಟು ಹೇಳಲಿ?

---

ಆಪ್ತಸಮಾಲೋಚಕಿ

ಸರ್, ಪ್ಯಾಕೆಟ್ ಎಲ್ಲೂ ಓಡಿಹೋಗಲ್ಲ, ಸದ್ಯ ಪಕ್ಕಕ್ಕಿಡಿ. ನೀವು ಬರೆದದ್ದರಲ್ಲಿ ದೊಡ್ಡ ಸುಳಿವು ಆ ನಾಲ್ಕು ರೆಕಾರ್ಡ್ ಬುಕ್ಕು. ಒಬ್ಬ ಹುಡುಗ ನಾಲ್ಕು ಜನರ ರೆಕಾರ್ಡ್ ಬರೆಯುತ್ತಿದ್ದಾನೆ ಅಂದರೆ ಅದು ಸ್ನೇಹವಲ್ಲ, ಕಪ್ಪಕಾಣಿಕೆ. ಹಾಸ್ಟೆಲ್‌ಗಳಲ್ಲಿ ಕಾಟ ಹೆಚ್ಚಾಗಿ ಹೊಡೆತದಿಂದ ಶುರುವಾಗುವುದಿಲ್ಲ. ಬಕೆಟ್ ಎತ್ತಿಡುವುದು, ಹಾಸಿಗೆಗೆ ನೀರು ಸುರಿಯುವುದು, ಚಾರ್ಜರ್ ಮಾಯ ಮಾಡುವುದು, ಮೆಸ್ಸಿನಲ್ಲಿ ಪಕ್ಕ ಕೂತರೆ ಎದ್ದುಹೋಗುವುದು, ಹೀಗೆ. ರಾತ್ರಿ ಅವನು ಊಟಕ್ಕೆ ಬಾರದಿರುವುದನ್ನು ಹಸಿವಿಲ್ಲ ಎಂದು ಓದಬೇಡಿ, ಮೆಸ್ಸಿನಲ್ಲಿ ಏನಾಗುತ್ತದೆ ಎಂದು ಓದಿ.

ಕುಡಿತವೂ ಇದೇ ಗುಂಪಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಕಾಟ ಕೊಡುವವರೇ ಶನಿವಾರ ಸಂಜೆ ‘ನೀನೂ ಬಾರೋ’ ಎಂದು ಕರೆಯುತ್ತಾರೆ. ಕುಡಿದ ರಾತ್ರಿ ಅವನನ್ನು ರೇಗಿಸುವುದಿಲ್ಲ. ಹಾಗಾಗಿ ‘ಕುಡಿಯುವುದು ಬಿಡು’ ಎಂದು ನೀವು ಹೇಳಿದರೆ ಅವನ ಕಿವಿಗೆ ಬೀಳುವುದು ‘ಮತ್ತೆ ಏಟು ತಿನ್ನು’ ಎಂದು. ಹೊರಗಿನ ಕಾಟ ನಿಲ್ಲಿಸದೆ ಕುಡಿತ ಬಿಡಿಸಲು ಹೊರಟವರೆಲ್ಲ ಎಡವುವುದು ಇಲ್ಲೇ.

ಸೋಮವಾರದವರೆಗೆ ಕಾಯಬೇಡಿ. ಇವತ್ತೇ ಅವನೊಂದಿಗೆ ಒಬ್ಬರೇ ಕೂತು ಮಾತಾಡಿ. ಆಫೀಸಿನಲ್ಲಿ ಎದುರು ನಿಲ್ಲಿಸಿಕೊಂಡು ಅಲ್ಲ; ಅಕ್ಕಪಕ್ಕ ಕೂತು, ಅಥವಾ ಮೈದಾನದಲ್ಲಿ ನಡೆಯುತ್ತ. ‘ಯಾಕೆ’ ಎಂದು ಶುರುವಾಗುವ ಪ್ರಶ್ನೆ ಬೇಡ, ಅದು ವಿಚಾರಣೆ ಆಗುತ್ತದೆ. ‘ರೂಮಿನಲ್ಲಿ ಅತಿ ಕಷ್ಟದ ಹೊತ್ತು ಯಾವುದು?’ ಎಂದು ಕೇಳಿ. ಮಾತು ಶುರುವಾಗುವ ಮುಂಚೆಯೇ ಒಂದು ಒಪ್ಪಂದ ಹೇಳಿಬಿಡಿ: ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ, ಅಥವಾ ಯಾರಾದರೂ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಂಡಿದ್ದರೆ, ಅದನ್ನು ಗುಟ್ಟಾಗಿಡೋಕೆ ನನಗೆ ಆಗಲ್ಲ.’

ನಂತರ ಸಾವಿನ ಯೋಚನೆಯ ಬಗ್ಗೆ ನೇರವಾಗಿ ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಬಹುತೇಕ ಮಕ್ಕಳಿಗೆ ಯಾರೋ ಕೇಳಿದರಲ್ಲ ಎಂದು ಹಗುರಾಗುತ್ತದೆ. ಸುತ್ತುಬಳಸಿ ‘ಅಂಥದ್ದೇನಾದ್ರೂ ಮಾಡ್ಕೊಳ್ಳಲ್ಲ ತಾನೆ?’ ಎಂದರೆ ‘ಇಲ್ಲ ಸರ್’ ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟಂತೆ. ಹೀಗೆ ಕೇಳಿ: ‘ನಾನು ಇಲ್ಲದಿದ್ರೆ ಚೆನ್ನಾಗಿತ್ತು ಅಂತ ಅನ್ನಿಸಿದ್ದುಂಟಾ? ಸಾಯಬೇಕು ಅನ್ನಿಸಿತ್ತಾ? ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ? ಮುಂಚೆ ಯಾವತ್ತಾದ್ರೂ ಪ್ರಯತ್ನ ಮಾಡಿದ್ದೀಯಾ?’ ಕೊನೆಯ ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಅವನನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಜಿಲ್ಲಾಸ್ಪತ್ರೆ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವನ ಎದುರೇ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ವಾರ್ಡನ್‌ಗಳೂ ಸಲಹೆ ಕೇಳಬಹುದು.

ಖಿನ್ನತೆಯೋ ಅಲ್ಲವೋ ಎಂಬುದಕ್ಕೆ: ದೊಡ್ಡವರಲ್ಲಿ ಅಳು, ಮಂಕು ಕಾಣುವ ಕಡೆ ಹದಿಹರೆಯದವರಲ್ಲಿ ಸಿಡುಕು ಕಾಣುತ್ತದೆ. ‘ಸೊಕ್ಕು ಬಂದಿದೆ’ ಎಂದು ಮೇಷ್ಟ್ರುಗಳು ಕರೆಯುವುದರಲ್ಲಿ ಎಷ್ಟೋ ಪಾಲು ಇದೇ. ಎರಡು ವಾರ, ಹೆಚ್ಚುಕಡಿಮೆ ದಿನವೂ, ನಿದ್ದೆ, ಊಟ, ಓದು, ಆಟ ಎಲ್ಲಕ್ಕೂ ಒಟ್ಟಿಗೆ ಪೆಟ್ಟು ಬಿದ್ದಿದ್ದರೆ ಹುಡುಗಾಟ ಎನ್ನಬೇಡಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕನ್ನಡದಲ್ಲಿದೆ: 9 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ಮೊತ್ತ 10 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಅದಕ್ಕೆ 1 ಬಂದರೂ, ಮೊತ್ತ ಎಷ್ಟೇ ಇರಲಿ, ತೋರಿಸಬೇಕು. ಕುಡಿದ ರಾತ್ರಿಯ ಮರುದಿನ ಇದನ್ನು ತುಂಬಿಸಬೇಡಿ, ಅಂಕ ಸುಮ್ಮನೆ ಏರುತ್ತದೆ. ಇದು ಜರಡಿ ಅಷ್ಟೆ, ರೋಗ ಹೆಸರಿಸುವ ಕೆಲಸ ವೈದ್ಯರದ್ದು.

---

ಮದ್ಯಮುಕ್ತಿ_ಸಿಸ್ಟರ್

ಮೇಡಂ ಹೇಳಿದ ಕ್ರಮ ಸರಿ. ನಾನು ಪ್ಯಾಕೆಟ್ಟಿನ ಲೆಕ್ಕ ಮಾತ್ರ ಹೇಳುತ್ತೇನೆ, ಏಕೆಂದರೆ ‘ಬರೀ ನೈಂಟಿ ತಾನೇ’ ಎಂಬ ಮಾತು ಬಹಳ ಕೇಳಿಬರುತ್ತದೆ.

ಇಲ್ಲಿನ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. 90 ಎಂಎಲ್‌ನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್, ಅಂದರೆ 10 ಗ್ರಾಂ ಲೆಕ್ಕದಲ್ಲಿ ಮೂರು ಯೂನಿಟ್. ಕ್ವಾರ್ಟರ್ (180 ಎಂಎಲ್) ಅಂದರೆ ಆರು. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರಿನಲ್ಲಿ ಹತ್ತಿರ ಹತ್ತಿರ 40 ಗ್ರಾಂ, ನೈಂಟಿಗಿಂತ ಹೆಚ್ಚು. ‘ಬಿಯರ್ ಕುಡಿತವಲ್ಲ’ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಹಾಸ್ಟೆಲ್ ಹುಡುಗರು ಸಿಕ್ಕಿಬೀಳುವ ಭಯಕ್ಕೆ ಟಾಯ್ಲೆಟ್ಟಿನಲ್ಲೋ ಟೆರೇಸಿನಲ್ಲೋ ಹತ್ತು ನಿಮಿಷದಲ್ಲಿ, ಖಾಲಿ ಹೊಟ್ಟೆಗೆ, ಹೆಚ್ಚು ನೀರು ಬೆರೆಸದೆ ಕುಡಿದು ಮುಗಿಸುತ್ತಾರೆ. 50 ಕಿಲೋ ತೂಕದ ಹುಡುಗ ಹಾಗೆ ಒಂದು ನೈಂಟಿ ಕುಡಿದರೆ ರಕ್ತದಲ್ಲಿ 100 ಎಂಎಲ್‌ಗೆ 80 ಮಿಲಿಗ್ರಾಂ ಆಸುಪಾಸು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 30. ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ಅಂದರೆ ರಾತ್ರಿ 11ಕ್ಕೆ ಎರಡು ನೈಂಟಿ ಹಾಕಿದವನಿಗೆ ಅದು ಪೂರ್ತಿ ಇಳಿಯುವಾಗ ಬೆಳಗಿನ 5ರಿಂದ 7:30 ಆಗಿರುತ್ತದೆ.

ಹದಿಹರೆಯದ ಮಿದುಳಿಗೆ ಇನ್ನೊಂದು ವಿಚಿತ್ರವಿದೆ. ದೊಡ್ಡವರಿಗೆ ತೂಕಡಿಕೆ, ತೂರಾಟ ಬೇಗ ಬಂದು ‘ಸಾಕು’ ಎನ್ನಿಸುತ್ತದೆ. ಈ ವಯಸ್ಸಿನಲ್ಲಿ ಅದು ತಡವಾಗಿ ಬರುತ್ತದೆ, ನೆನಪಿಗೆ ಪೆಟ್ಟು ಮಾತ್ರ ಮೊದಲೇ ಬೀಳುತ್ತದೆ. ಅದಕ್ಕೇ ನೆಟ್ಟಗೆ ನಿಂತು ಮಾತಾಡುತ್ತಿದ್ದ ಹುಡುಗನಿಗೆ ಮರುದಿನ ಏನೂ ನೆನಪಿರುವುದಿಲ್ಲ. ಕುಡಿದರೆ ಬೇಗ ನಿದ್ದೆ ಬರುವುದು ನಿಜ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆ ಒಡೆಯುತ್ತದೆ. ಮರುದಿನ ಎದೆ ಡವಡವ, ಮಂಕು ಹೆಚ್ಚು. ಆ ಮಂಕಿಗೆ ಮತ್ತೆ ಪ್ಯಾಕೆಟ್ಟು.

ಎಷ್ಟು ಗಂಭೀರ ಎಂದು ತಿಳಿಯಲು ಈ ಆರು ಕೇಳಿ: ಕುಡಿದವರ ಗಾಡಿಯಲ್ಲಿ ಕೂತಿದ್ದೀಯಾ ಅಥವಾ ಓಡಿಸಿದ್ದೀಯಾ, ಮನಸ್ಸು ಹಗುರ ಮಾಡಿಕೊಳ್ಳಲು ಕುಡಿಯುತ್ತೀಯಾ, ಒಬ್ಬನೇ ಕುಡಿಯುತ್ತೀಯಾ, ಕುಡಿದಾಗ ಮಾಡಿದ್ದು ಮರೆತಿದ್ದೀಯಾ, ಮನೆಯವರೋ ಗೆಳೆಯರೋ ಕಡಿಮೆ ಮಾಡು ಎಂದಿದ್ದಾರಾ, ಕುಡಿದು ತೊಂದರೆಗೆ ಸಿಕ್ಕಿದ್ದೀಯಾ. ಎರಡಕ್ಕೆ ಹೌದು ಬಂದರೆ ವಿವರವಾದ ತಪಾಸಣೆ ಬೇಕು. ನಿಮ್ಮ ಹುಡುಗನ ಪ್ಯಾಕೆಟ್ ಅವನದೇ ಟ್ರಂಕಿನಲ್ಲಿದೆ, ಅದರಲ್ಲೂ ಒಂದು ತುಂಬಿದ್ದು ಉಳಿಸಿಟ್ಟಿದ್ದಾನೆ. ಗುಂಪಿನಲ್ಲಿ ಕುಡಿಯುವವನು ಸ್ಟಾಕ್ ಇಡುವುದು ಅಪರೂಪ. ಒಬ್ಬನೇ ಕುಡಿಯುವ ಹಂತಕ್ಕೆ ಬಂದಿರಬಹುದು. ಬೇರೆಯವರು ಇವನ ಬಳಿ ಅಡಗಿಸಿಟ್ಟಿರುವುದೂ ಸಾಧ್ಯ, ಅದನ್ನೂ ಕೇಳಿ.

ವಾರಕ್ಕೊಮ್ಮೆ ಕುಡಿಯುವ ಹುಡುಗನಿಗೆ ಬಿಟ್ಟಾಗ ನಡುಕ ಬರುವುದು ಅಪರೂಪ. ಆದರೆ ವಾರಗಟ್ಟಲೆ ದಿನವೂ ಕುಡಿದಿದ್ದು, ಬೆಳಿಗ್ಗೆ ಕೈನಡುಕ, ಬೆವರು, ವಾಂತಿ ಇದ್ದರೆ ಹಾಸ್ಟೆಲ್ಲಿನಲ್ಲಿ ಕೂಡಿಹಾಕಿ ಬಿಡಿಸಬೇಡಿ. ಕೊನೆಯ ಗುಟುಕಿನಿಂದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲಿ ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಔಷಧಿಯ ಆಸರೆಯಲ್ಲಿ ಇಳಿಸುತ್ತಾರೆ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂಬ ಪುಡಿಗಳ ಹತ್ತಿರ ಹೋಗಬೇಡಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ ಬೆರೆಸುವವರಿದ್ದಾರೆ. ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಬರುತ್ತದೆ.

ಯಾವತ್ತಾದರೂ ರಾತ್ರಿ ಯಾರಾದರೂ ಅಲುಗಾಡಿಸಿದರೂ ಏಳದಿದ್ದರೆ: ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ಕೆಳಮುಖ ಇರಲಿ. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ, ವಾಂತಿ ಮಾಡಿಸುವುದು ಯಾವುದೂ ಬೇಡ. ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಬಿಡುವು, ತುಟಿ ನೀಲಿ, ಮೈ ತಣ್ಣಗೆ: ಇವೆಲ್ಲ ಬರಲಿ ಎಂದು ಕಾಯಬೇಡಿ, ಒಂದು ಕಂಡರೂ 108. ‘ಮಲಗಿದರೆ ಇಳಿಯುತ್ತೆ’ ಎಂದು ಬೋರಲು ಮಲಗಿಸಿ ಬಾಗಿಲು ಹಾಕಿಕೊಂಡು ಬರುವುದು ಎಲ್ಲಕ್ಕಿಂತ ಅಪಾಯ.

---

ಶಿಸ್ತು_ಮುಖ್ಯ

ಎಲ್ಲರೂ ಕರುಣೆಯ ಮಾತೇ ಆಡುತ್ತಿದ್ದೀರಿ. ಹಾಸ್ಟೆಲ್ಲಿಗೆ ಹೆಂಡ ತಂದವನಿಗೆ ಶಿಕ್ಷೆ ಇಲ್ಲ ಅಂದರೆ ಉಳಿದ 60 ಹುಡುಗರು ಏನು ಕಲಿಯುತ್ತಾರೆ? ಟಿಸಿ ಕೊಟ್ಟರೆ ಒಂದು ಪಾಠವಾದರೂ ಆಗುತ್ತದೆ.

---

ನಿವೃತ್ತ_ಹೆಡ್‌ಮಾಸ್ಟ್ರು

ಸ್ವಾಮಿ, ಪಾಠ ಆಗುವುದು ನಿಜ. ಉಳಿದವರು ಕಲಿಯುವ ಪಾಠ: ಕುಡಿದ ಗೆಳೆಯ ಎಚ್ಚರ ತಪ್ಪಿದರೂ ವಾರ್ಡನ್‌ಗೆ ಹೇಳಬಾರದು. ಹೊರಹಾಕಿದ ಮೇಲೆ ರೆಕಾರ್ಡ್ ಬರೆಸಿಕೊಂಡ ನಾಲ್ವರು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾರೆ. ಪಿಯು ಪರೀಕ್ಷೆಗೆ ಶೇ. 75 ಹಾಜರಿ ಬೇಕು. ವರ್ಷದ ಮಧ್ಯೆ ಟಿಸಿ ಕೊಟ್ಟರೆ ಅವನಿಗೆ ವರ್ಷವೇ ಹೋಗುತ್ತದೆ, ಊರಿನಲ್ಲಿ ಖಾಲಿ ಕೂರುತ್ತಾನೆ. ಮನಸ್ಸು ಕುಸಿದ ಹುಡುಗನಿಗೆ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಶಿಕ್ಷೆ ಬೇಡವೆಂದಲ್ಲ. ಹೊರಗೆ ಹೋಗುವ ಪಾಸ್ ರದ್ದು ಮಾಡಿ, ಪ್ರತಿ ಸಂಜೆ ವಾರ್ಡನ್ ಬಳಿ ಸಹಿ ಹಾಕಿಸಿ. ತರಗತಿ ಮಾತ್ರ ತಪ್ಪಿಸಬೇಡಿ.

ಈಗ ಕಾಟದ ವಿಷಯ. ನಮ್ಮ ಕಡೆ ಮಾಡುವ ದೊಡ್ಡ ತಪ್ಪು ರಾಜಿ ಪಂಚಾಯ್ತಿ: ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವುದು. ಜಗಳಕ್ಕೆ ಅದು ಸರಿ. ಬಲ ಇದ್ದವರು ಬಲ ಇಲ್ಲದವನನ್ನು ಮತ್ತೆ ಮತ್ತೆ ಹಿಂಸಿಸುವುದು ಜಗಳವಲ್ಲ. ನಾರ್ವೆಯ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೆಯಸ್ 1983ರಿಂದ ಅಲ್ಲಿನ ಶಾಲೆಗಳಲ್ಲಿ ಕೆಲಸ ಮಾಡಿದ್ದು ಈ ವ್ಯತ್ಯಾಸವನ್ನೇ ಅಡಿಪಾಯವಾಗಿಟ್ಟುಕೊಂಡು. ಎದುರು ನಿಂತ ಹುಡುಗ ‘ಏನಿಲ್ಲ ಸರ್, ತಮಾಷೆಗೆ’ ಎನ್ನುತ್ತಾನೆ. ರಾತ್ರಿ ಅದರ ಬಡ್ಡಿ ತೆರುತ್ತಾನೆ.

ಹೀಗೆ ಮಾಡಿ. ಮೊದಲು ಇವನ ರೂಮ್ ಬದಲಿಸಿ, ವಾರ್ಡನ್ ಕೊಠಡಿಯ ಪಕ್ಕಕ್ಕೆ. ಸಾಧ್ಯವಾದರೆ ಕಾಟ ಕೊಟ್ಟವರನ್ನು ಬೇರೆ ಬೇರೆ ರೂಮಿಗೆ ಒಡೆಯಿರಿ, ಇವನೊಬ್ಬನನ್ನೇ ಎತ್ತಿದರೆ ಸೋತವನು ಓಡಿದ ಎಂಬಂತಾಗುತ್ತದೆ. ನಾಲ್ವರನ್ನೂ ಒಂದೇ ಹೊತ್ತಿಗೆ, ಬೇರೆ ಬೇರೆ ಕೋಣೆಯಲ್ಲಿ, ಬೇರೆ ಬೇರೆ ಅಧ್ಯಾಪಕರು ಮಾತಾಡಿಸಬೇಕು. ಒಬ್ಬೊಬ್ಬರಾಗಿ ಕರೆದರೆ ಮೊದಲನೆಯವನು ಹೊರಬಂದು ಉಳಿದವರಿಗೆ ಉತ್ತರ ಕಲಿಸಿಬಿಡುತ್ತಾನೆ. ಆ ಹುಡುಗ ದೂರು ಕೊಟ್ಟ ಎಂದು ಬಾಯಿ ಬಿಡಬೇಡಿ. ನಿಮ್ಮ ಕೈಯಲ್ಲಿ ರೆಕಾರ್ಡ್ ಬುಕ್ಕುಗಳಿವೆ, ಅದೇ ಸಾಕ್ಷಿ; ಮಾತು ಅಲ್ಲಿಂದಲೇ ಶುರುವಾಗಲಿ. ನಾಲ್ವರೂ ಹೊಸ ರೆಕಾರ್ಡ್ ಸ್ವಂತ ಕೈಯಿಂದ ಬರೆಯಲಿ. ಎರಡು ವಾರ ಬಿಟ್ಟು ಮತ್ತೆ ಎಲ್ಲರನ್ನೂ ಮಾತಾಡಿಸಿ. ಈ ಎರಡನೇ ಸುತ್ತನ್ನೇ ಎಲ್ಲರೂ ಮರೆಯುವುದು.

ಶಾಲೆಗಳಲ್ಲಿ ಕಾಟ ತಡೆಯುವ ಫಿನ್ಲೆಂಡಿನ ಕಿವಾ ಎಂಬ ಕಾರ್ಯಕ್ರಮದ ಒಂದು ಉಪಾಯ ಹಾಸ್ಟೆಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಉಳಿದವರು ಗೌರವಿಸುವ ಎರಡು-ಮೂರು ಹುಡುಗರನ್ನು, ಕ್ರಿಕೆಟ್ ಕ್ಯಾಪ್ಟನ್ ಅಂಥವರನ್ನು, ಗುಟ್ಟಾಗಿ ಕರೆದು ‘ಮೆಸ್ಸಿನಲ್ಲಿ ಇವನ ಜೊತೆ ಕೂತ್ಕೊಳ್ರಪ್ಪ’ ಎಂದು ಒಪ್ಪಿಸುವುದು. ನೋಡಿ ನಗುವವರು ಇಲ್ಲವಾದರೆ ರೇಗಿಸುವವನಿಗೆ ಅರ್ಧ ಹುರುಪು ಇಳಿಯುತ್ತದೆ. ಜೊತೆಗೆ, ಕಾಟ ನಡೆಯುವ ಜಾಗ-ಹೊತ್ತು ಗುರುತಿಸಿ. ಸಾಮಾನ್ಯವಾಗಿ ಬಚ್ಚಲು, ಟೆರೇಸಿನ ನೀರಿನ ಟ್ಯಾಂಕ್, ಮೆಸ್ಸಿನ ಸಾಲು, ರಾತ್ರಿ ಸ್ಟಡಿ ಮುಗಿದ ಮೇಲಿನ ಅರ್ಧ ಗಂಟೆ. ಆ ಹೊತ್ತಿಗೆ ಅಲ್ಲಿ ಒಬ್ಬ ದೊಡ್ಡವರು ಇರಬೇಕು.

ಪ್ರಾಂಶುಪಾಲರಿಗೆ ಕಾನೂನು ಬೇಕಾದರೆ: ಬಾಲ ನ್ಯಾಯ ಕಾಯ್ದೆ 2015ರ ಸೆಕ್ಷನ್ 77ರ ಪ್ರಕಾರ 18ರೊಳಗಿನವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಹಾಗಾಗಿ ಟಿಸಿಗಿಂತ ಮೊದಲು ‘ತಂದುಕೊಟ್ಟವರು ಯಾರು’ ಎಂಬ ಪ್ರಶ್ನೆ ಇರಲಿ. ಅಂಗಡಿಯಾದರೆ ಅಬಕಾರಿ ಇನ್‌ಸ್ಪೆಕ್ಟರ್‌ಗೆ ಲಿಖಿತ ದೂರು ಕೊಡಿ. ರಾಜ್ಯದ ಮಕ್ಕಳ ರಕ್ಷಣಾ ನೀತಿ 2016ರಿಂದಲೇ ಇದೆ. ನಿಮ್ಮ ಸಂಸ್ಥೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇದೆಯೇ ನೋಡಿ. ಒಳಗೆ ಕೆಲಸ ಆಗದಿದ್ದರೆ ಮಕ್ಕಳ ಸಹಾಯವಾಣಿ 1098, ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಅಡ್ಡಹೆಸರು ಜಾತಿಯದ್ದಾಗಿದ್ದರೆ ವಿಷಯವೇ ಬೇರೆ, ಅದನ್ನು ತಮಾಷೆಯ ಕಡತಕ್ಕೆ ಸೇರಿಸಬೇಡಿ.

---

ಹಾಸ್ಟೆಲ್_ವಾರ್ಡನ್

ಎಲ್ಲರಿಗೂ ಧನ್ಯವಾದ. ಮಾತಾಡಿದೆ. ಸಾಯುವ ಯೋಚನೆ ‘ಆಗಾಗ ಬರುತ್ತೆ’ ಎಂದ, ಹೇಗೆ ಎಂದು ಯೋಚಿಸಿಲ್ಲವಂತೆ. ಪಿಎಚ್‌ಕ್ಯೂ ಮೊತ್ತ 16. ರೂಮ್ ಬದಲಾಯಿಸಿದ್ದೇವೆ. ಎರಡು ತೊಡಕು. ಬಚ್ಚಲಿನಲ್ಲಿ ಬಟ್ಟೆ ಎಳೆದು ಮಾಡಿದ ವಿಡಿಯೊ ಒಂದು ವಾಟ್ಸಾಪ್ ಗುಂಪಿನಲ್ಲಿದೆಯಂತೆ. ಇನ್ನೊಂದು, ತಂದೆ ಫೋನಿನಲ್ಲಿ ‘ಹುಚ್ಚರ ಮಾತ್ರೆ ಬೇಡ, ಅಭ್ಯಾಸ ಆಗುತ್ತೆ, ಹರಕೆ ಹೊತ್ತಿದ್ದೇವೆ’ ಎಂದರು.

---

ನಿವೃತ್ತ_ಹೆಡ್‌ಮಾಸ್ಟ್ರು

ವಿಡಿಯೊ ಅಂದ ಮೇಲೆ ಇದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ. ಹುಡುಗರಿಗೂ ಅನ್ವಯ. ಸೆಕ್ಷನ್ 19ರ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ನಿಮ್ಮ ಮೇಲೇ ಪ್ರಕರಣ. ಮಾಡಿದವರೂ 18ರೊಳಗಿದ್ದರೆ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಜೈಲಿಗಲ್ಲ. ಇದನ್ನು ಅವರ ಪೋಷಕರಿಗೂ ಹೇಳಿ. ಒಂದು ಎಚ್ಚರ: ‘ಸಾಕ್ಷಿಗೆ ಇರಲಿ’ ಎಂದು ಆ ವಿಡಿಯೊವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಪ್ರಾಂಶುಪಾಲರಿಗೂ ಫಾರ್ವರ್ಡ್ ಮಾಡಬೇಡಿ. ಅದನ್ನು ಹಂಚುವುದೇ ಐಟಿ ಕಾಯ್ದೆಯ 67ಬಿ ಅಡಿ ಅಪರಾಧ. ಗುಂಪಿನ ಹೆಸರು, ಸದಸ್ಯರ ಸಂಖ್ಯೆಗಳು, ಹಾಕಿದ ದಿನಾಂಕ-ಸಮಯ ಕಾಗದದಲ್ಲಿ ಬರೆದುಕೊಳ್ಳಿ, ಫೋನನ್ನು ಹಾಗೇ ಪೊಲೀಸರಿಗೆ ಒಪ್ಪಿಸಿ. ಅಳಿಸಿಹಾಕಿಸಬೇಡಿ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಅಧಿಕಾರಿ ಇರುತ್ತಾರೆ, ಅವರನ್ನೇ ಕೇಳಿ.

---

ಮನೋವೈದ್ಯ

ತಂದೆಯವರ ಮಾತಿಗೆ ನಗಬೇಡಿ, ವಾದವನ್ನೂ ಮಾಡಬೇಡಿ. ಹರಕೆ ತೀರಿಸಲಿ, ಆಸ್ಪತ್ರೆಗೂ ಬರಲಿ. ‘ಅಭ್ಯಾಸ ಆಗುತ್ತೆ’ ಎಂಬ ಭಯಕ್ಕೆ ಒಂದು ಮೂಲವಿದೆ: ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕಿಬಿಡುವ ಆಲ್ಪ್ರಝೋಲಾಂನಂಥ ನಿದ್ದೆಮಾತ್ರೆ ಅಭ್ಯಾಸವಾಗುವುದು ನಿಜ. ಮದ್ಯದ ಜೊತೆ ಸೇರಿದರೆ ಉಸಿರನ್ನೇ ಕುಗ್ಗಿಸುತ್ತದೆ. ಖಿನ್ನತೆಗೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಮೊದಲು ಬರೆಯುವ ಫ್ಲೂಯೊಕ್ಸೆಟಿನ್ ಆ ಜಾತಿಯದ್ದಲ್ಲ.

ಅಮೆರಿಕದಲ್ಲಿ 12ರಿಂದ 17 ವಯಸ್ಸಿನ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ವಾರದ ಹೊತ್ತಿಗೆ ಮಾತ್ರೆ ಮತ್ತು ಸಿಬಿಟಿ ಮಾತುಚಿಕಿತ್ಸೆ ಎರಡೂ ಸಿಕ್ಕವರಲ್ಲಿ ಶೇ. 71, ಮಾತ್ರೆ ಮಾತ್ರ ಸಿಕ್ಕವರಲ್ಲಿ 61, ಮಾತುಚಿಕಿತ್ಸೆ ಮಾತ್ರ 43, ಔಷಧಿಯಿಲ್ಲದ ಖಾಲಿ ಮಾತ್ರೆ ಸಿಕ್ಕವರಲ್ಲಿ 35 ಮಂದಿ ಸಾಕಷ್ಟು ಸುಧಾರಿಸಿದರು. ಎರಡೂ ಬೇಕು ಎನ್ನುವುದು ಅದಕ್ಕೇ. ಸಾಮಾನ್ಯವಾಗಿ 10 ಮಿಲಿಗ್ರಾಂನಿಂದ ಶುರು ಮಾಡಿ 20ಕ್ಕೆ ಏರಿಸುತ್ತಾರೆ. ಗುಣ ಕಾಣಲು 4ರಿಂದ 6 ವಾರ ಬೇಕು. ಎಷ್ಟೋ ಮನೆಗಳಲ್ಲಿ ಹತ್ತನೇ ದಿನ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುತ್ತಾರೆ. ಇನ್ನು ಕೆಲವರು ಎರಡನೇ ತಿಂಗಳು ‘ಸರಿಹೋಯ್ತು’ ಎಂದು ನಿಲ್ಲಿಸುತ್ತಾರೆ. ಚೇತರಿಸಿದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಮುಚ್ಚಿಡಬಾರದ ಮಾತು: ಮೊದಲ ಕೆಲವು ವಾರ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಈ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ಹಾಗಾಗಿ ಮೊದಲ ತಿಂಗಳು ವಾರಕ್ಕೊಮ್ಮೆ ತೋರಿಸಿ. ಮಾತ್ರೆಯ ಸ್ಟ್ರಿಪ್ ವಾರ್ಡನ್ ಬಳಿ ಇರಲಿ, ಬೆಳಿಗ್ಗೆ ತಿಂಡಿಯಾದ ಮೇಲೆ ಒಂದೊಂದೇ ಕೊಡಿ. ನಿದ್ದೆ ಇಲ್ಲದೆ ಅತಿ ಹುರುಪು, ಅತಿ ಮಾತು, ದುಂದು ಕಂಡರೆ ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ. ಮೊದಲ ಭೇಟಿಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಬಿ12 ನೋಡುವುದು ಒಳ್ಳೆಯದು. ರಕ್ತಹೀನತೆ, ಥೈರಾಯ್ಡ್ ಸಮಸ್ಯೆಯೂ ಇದೇ ವೇಷದಲ್ಲಿ ಬರುತ್ತವೆ.

ಎಲ್ಲಿಗೆ ಎಂದರೆ: ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. 10ರಿಂದ 19 ವಯಸ್ಸಿನವರಿಗೆ ಸ್ನೇಹ ಕ್ಲಿನಿಕ್‌ಗಳೂ ಇವೆ; ‘ಹುಚ್ಚಾಸ್ಪತ್ರೆ’ ಎಂಬ ಹೆದರಿಕೆ ಇದ್ದವರಿಗೆ ಅದು ಒಳ್ಳೆಯ ಮೊದಲ ಬಾಗಿಲು. ತೊಡಕಾದರೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್. 18 ತುಂಬಿಲ್ಲದ ಕಾರಣ ಚಿಕಿತ್ಸೆಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ವಾರ್ಡನ್ ಸಹಿ ಸಾಲದು. ತುರ್ತಿನಲ್ಲಿ ಮಾತ್ರ ಕಾಯಬೇಕಿಲ್ಲ.

---

ಮದ್ಯಮುಕ್ತಿ_ಸಿಸ್ಟರ್

ತಂದೆಗೆ ಒಂದು ಮಾತು ಸೇರಿಸಿ. 15ಕ್ಕಿಂತ ಮೊದಲು ಕುಡಿಯಲು ಶುರು ಮಾಡಿದವರಲ್ಲಿ ಶೇ. 40ರಷ್ಟು ಜನ ಮುಂದೆ ಚಟಕ್ಕೆ ಬಿದ್ದಿದ್ದರು, 20ರ ನಂತರ ಶುರು ಮಾಡಿದವರಲ್ಲಿ ಶೇ. 10ರ ಆಸುಪಾಸು ಎಂದು 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದು ಹೇಳಿತ್ತು. ಇದನ್ನು ‘ನಿಮ್ಮ ಮಗ ಕುಡುಕ ಆಗ್ತಾನೆ’ ಎಂದು ಓದಬಾರದು. ಬೇಗ ಶುರು ಮಾಡುವ ಮಕ್ಕಳ ಮನೆಯಲ್ಲಿ, ಮನಸ್ಸಿನಲ್ಲಿ ಮೊದಲೇ ಬೇರೆ ಕಷ್ಟಗಳಿರುತ್ತವೆ, ಲೆಕ್ಕದಲ್ಲಿ ಅದರ ಪಾಲೂ ಇದೆ. ಆದರೆ ಮದುವೆ, ಜಾತ್ರೆಗಳಲ್ಲಿ ಮಾವಂದಿರು ‘ಗಂಡಸಾದ’ ಎಂದು ಕೈಗೆ ಗ್ಲಾಸು ಕೊಡುವುದು ಇನ್ನು ನಿಲ್ಲಬೇಕು, ಸೆಕ್ಷನ್ 77 ಅವರಿಗೂ ಅನ್ವಯಿಸುತ್ತದೆ.

---

ಆಪ್ತಸಮಾಲೋಚಕಿ

ಸೋಮವಾರ ತಂದೆಯ ಜೊತೆ ತಾಯಿಯನ್ನೂ ಕರೆಸಿ ಸರ್. ಮೊದಲ ವಾಕ್ಯ ಪ್ಯಾಕೆಟ್ಟಿನದ್ದಾಗಬಾರದು. ‘ನಿಮ್ಮ ಮಗನಿಗೆ ಇಲ್ಲಿ ತೊಂದರೆ ಕೊಟ್ಟಿದ್ದಾರೆ, ತಡವಾಗಿ ಗೊತ್ತಾಯಿತು, ಈಗ ಇಷ್ಟು ಮಾಡಿದ್ದೇವೆ’ ಎಂದು ಶುರು ಮಾಡಿ, ಆಮೇಲೆ ಕುಡಿತ. ಏನೇನು ಹೇಳುತ್ತೀರಿ ಎಂದು ಹುಡುಗನಿಗೆ ಮೊದಲೇ ತಿಳಿಸಿ. ವಿಡಿಯೊ ವಿಷಯ ಯಾರು ಹೇಳಬೇಕು, ತಾಯಿ ಇರಬೇಕೋ ಬೇಡವೋ ಎಂದು ಅವನನ್ನೇ ಕೇಳಿ.

ರಜೆಗೆ ಊರಿಗೆ ಕಳಿಸುವ ಮುನ್ನ: ಮನೆಯಲ್ಲಿ ಜಮೀನಿಗೆ ಹೊಡೆಯುವ ಔಷಧಿ ಎಲ್ಲಿಡುತ್ತಾರೆ ಎಂದು ತಾಯಿಯನ್ನು ಕೇಳಿ. ಬೀಗ ಹಾಕಿ ಕೀಲಿ ಮನೆಯಿಂದ ಆಚೆ, ಸಂಬಂಧಿಕರ ಬಳಿ ಇರಲಿ; ಈ ಹಂಗಾಮಿಗೆ ಬೇಡದ್ದನ್ನು ಕೊಂಡಿಡುವುದೇ ಬೇಡ. ಮಾತ್ರೆ ರಜೆಯ ದಿನಗಳಿಗೆ ಎಷ್ಟು ಬೇಕೋ ಅಷ್ಟೇ ಎಣಿಸಿ ತಾಯಿಯ ಕೈಗೆ ಕೊಡಿ. ಮುಂದಿನ ಭೇಟಿಯ ತಾರೀಖು, 14416, ನಿಮ್ಮ ನಂಬರ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಮಾತ್ರೆಯ ಕವರಿಗೆ ಅಂಟಿಸಿ. ತಾಯಿಗೆ ಓದಲು ಬರದಿದ್ದರೆ ಫೋನಿನಲ್ಲಿ ಸೇವ್ ಮಾಡಿಸಿ ಒಮ್ಮೆ ಅವರ ಕೈಯಲ್ಲೇ ಕರೆ ಮಾಡಿಸಿ ನೋಡಿ. ಹಾಸ್ಟೆಲ್ಲಿಗೆ ವಾಪಸ್ ಬರುವ ಹಿಂದಿನ ಸಂಜೆ ಅವನಿಗೆ ನೀವೇ ಫೋನ್ ಮಾಡಿ. ಕಾಟ ತಿಂದ ಮಕ್ಕಳಿಗೆ ಅತಿ ಭಾರದ ಹೊತ್ತು ಅದು. ಬಂದ ದಿನ ಮೆಸ್ಸಿನಲ್ಲಿ ಯಾರ ಪಕ್ಕ ಕೂರುತ್ತಾನೆ ಎಂಬುದನ್ನು ಕ್ಯಾಪ್ಟನ್ ಹುಡುಗನ ಜೊತೆ ಮೊದಲೇ ಗೊತ್ತು ಮಾಡಿಡಿ.